ಗುಂಡುತೋಪಿನ ಚಿಕ್ಕ ಕಲ್ಲು

ಪುಟ್ಟೇನಹಳ್ಳಿ ಕೆರೆಯ ಹಿಂದೆ, ಬೇಕರಿ ಪಕ್ಕದ ಸಂದಿಯಲ್ಲಿ ಒಳಕ್ಕೆ ನಡೆದರೆ ಎದುರುಬದುರು ಶೀಟಿನ ಮನೆಗಳ ಒಂದು ವಠಾರ ಸಿಗುತ್ತದೆ. ನಡುವೆ ಒಂದೇ ನಲ್ಲಿ. ಆ ನಲ್ಲಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಎಲೆಯಡಿಕೆ ಜಗಿಯುತ್ತ, ಬಿಂದಿಗೆ ಹಿಡಿದು ಬಂದವರನ್ನೆಲ್ಲ ಬೈಯುವ ಹೆಂಗಸೇ ಮುನಿವೆಂಕಟಮ್ಮ. ಹೊಸಬರು ಆಕೆಯನ್ನು ನೀರು ಬಿಡುವ ಕೆಲಸದವಳು ಅಂದುಕೊಳ್ಳುತ್ತಾರೆ. ವಠಾರದ ಒಡತಿಯೇ ಆಕೆ ಅಂತ ತಿಳಿದ ಮೇಲೂ ಯಾರಿಗೂ ಹೆದರಿಕೆ ಹುಟ್ಟುವುದಿಲ್ಲ. ಬೆಳಿಗ್ಗೆ "ನಿಮ್ಮಪ್ಪನ ಮನೆ ನೀರಾ ಇದು?" ಎಂದು ಎಗರಾಡಿದವಳು ಮಧ್ಯಾಹ್ನ ಅದೇ ಮನೆಗೆ ಒಂದು ಬಟ್ಟಲು ಅವರೆಕಾಳು ಸಾರು ಕಳಿಸಿರುತ್ತಾಳೆ. ಬಾಯಿ ಜೋರು, ಕೈ ಧಾರಾಳ ಎಂದು ಊರಿನವರೆಲ್ಲ ಒಪ್ಪುತ್ತಾರೆ.

ಆಕೆಯ ಒಂದು ಅಭ್ಯಾಸ ಮಾತ್ರ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಮಾರ್ಕೆಟ್ಟಿಗೆ ಹೋಗಲಿ, ಬಸ್ಸಿಗೆ ಹೋಗಲಿ, ಕೆರೆಯ ಪಕ್ಕದ ನೇರ ರಸ್ತೆ ಹಿಡಿಯುತ್ತಿರಲಿಲ್ಲ. ಮಂಡಿ ನೋವಿದ್ದರೂ ಊರೆಲ್ಲ ಸುತ್ತಿ ಬರುತ್ತಿದ್ದಳು. ಆ ನೇರ ರಸ್ತೆಯಲ್ಲಿ ಹನ್ನೊಂದು ಅಂತಸ್ತಿನ ಒಂದು ಅಪಾರ್ಟ್‌ಮೆಂಟ್ ಇದೆ. ಅದು ನಿಂತಿರುವುದು ಆಕೆಯ ಗಂಡನ ಮನೆಯವರ ಹೊಲದಲ್ಲಿ.

ರಾಗಿ, ಅವರೆ ಬೆಳೆಯುತ್ತಿದ್ದ ಹೊಲ. ಈ ಕಡೆಯ ಒಕ್ಕಲು ಜನ ಸತ್ತವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಿದ್ದರು. ಮೂಲೆಯ ಹೊಂಗೆಮರದ ಕೆಳಗೆ ಮಾವ, ಅಜ್ಜಂದಿರು, ಎಲ್ಲರೂ ಇದ್ದರು. ಅವರ ಕಾಲಬುಡದಲ್ಲಿ ಮುನಿವೆಂಕಟಮ್ಮನ ಮಗಳಿದ್ದಳು. ಹುಟ್ಟಿ ವಾರ ತುಂಬುವ ಮೊದಲೇ ಹೋದ ಕೂಸು. ಹೆಸರೂ ಇಟ್ಟಿರಲಿಲ್ಲ. ಆಮೇಲೆ ಆಕೆಗೆ ಮಕ್ಕಳಾಗಲಿಲ್ಲ.

ಹೊಲ ಮಾರುವಾಗ ಬಿಲ್ಡರ್ "ಸಮಾಧಿ ಮುಟ್ಟಲ್ಲ, ಸುತ್ತ ಕಾಂಪೌಂಡ್ ಹಾಕಿಕೊಡ್ತೀವಿ" ಎಂದಿದ್ದ. ಮುನಿವೆಂಕಟಮ್ಮ ಆನೇಕಲ್ಲಿನ ಅಣ್ಣನ ಮನೆಗೆ ಹಬ್ಬಕ್ಕೆ ಹೋಗಿ ಬರುವಷ್ಟರಲ್ಲಿ ಹೊಂಗೆಮರವೂ ಇಲ್ಲ, ಸಮಾಧಿಯೂ ಇಲ್ಲ. ಕೆರೆಯೇ ಹಿಡಿಸುವಂಥ ಹಳ್ಳ ತೋಡಿದ್ದರು. ಬೇಸ್‌ಮೆಂಟಂತೆ. ಮೂಳೆಗಳೇನಾದವು ಎಂದು ಆಕೆ ಯಾರನ್ನೂ ಕೇಳಲಿಲ್ಲ. ಕೇಳಿದರೆ ಯಾರಾದರೂ ಉತ್ತರ ಹೇಳಿಬಿಡುತ್ತಾರಲ್ಲ, ಅದಕ್ಕೇ ಕೇಳಲಿಲ್ಲ. ಅವತ್ತಿನಿಂದ ಆ ರಸ್ತೆ ಬಿಟ್ಟಳು.

ಎರಡು ವರ್ಷದ ಹಿಂದೆ ಸರ್ಕಾರದವರು ಊರಿನ ಗುಂಡುತೋಪಿನಲ್ಲಿ ಬಡವರಿಗೆ ಮನೆ ಕಟ್ಟುತ್ತೇವೆ ಎಂದರು. ಗುಂಡುತೋಪು ಎಂದರೆ ಹಿಂದೆ ಊರಿಗೆಲ್ಲ ಸೇರಿದ ಮಾವಿನ ತೋಪು. ಈಗ ಮರವಿಲ್ಲ, ಹೆಸರಿದೆ. ಮುಳ್ಳುಗಿಡ, ಬೀದಿನಾಯಿ, ಕಟ್ಟಡದ ಕಸ. ಮನೆಗಳಿಗೆ ಲಾಟರಿ ಎತ್ತಿದರು. ವಠಾರದ ಶಂಕ್ರವ್ವನ ಹೆಸರು ಬಂತು.

ಶಂಕ್ರವ್ವ ಬಾಗಲಕೋಟೆ ಕಡೆಯವಳು. ಗಂಡ ಯಲ್ಲಪ್ಪ ಗಾರೆ ಕೆಲಸದವನು. ಆಕೆ ಅದೇ ಹನ್ನೊಂದು ಅಂತಸ್ತಿನ ಅಪಾರ್ಟ್‌ಮೆಂಟಿನ ಮೂರು ಮನೆಗಳಲ್ಲಿ ಪಾತ್ರೆ ತೊಳೆದು ಅಡಿಗೆ ಮಾಡುತ್ತಿದ್ದಳು. ಅವರ ಜೊತೆ ಯಲ್ಲಪ್ಪನ ತಾಯಿ, ಸೊಂಟ ಬಿದ್ದುಹೋದ ಮುದುಕಿ. ಬೇಸಿಗೆಯಲ್ಲಿ ಶೀಟಿನ ಕಾವು ತಡೆಯಲಾರದೆ ಮುದುಕಿ ಒದ್ದೆ ಬಟ್ಟೆ ಹೊದ್ದುಕೊಂಡು ಮಲಗುತ್ತಿತ್ತು. ಮುದುಕಿಗೆ ನಡೆಯಲಾಗುವುದಿಲ್ಲ ಎಂದು ಅವರಿಗೆ ಮಹಡಿಯಲ್ಲ, ನೆಲದ ಮಟ್ಟದ ಮನೆಯನ್ನೇ ಗೊತ್ತು ಮಾಡಿದ್ದರು. ಆರ್‌ಸಿಸಿ ಮನೆ, ಒಳಗೇ ನಲ್ಲಿ. ಶಂಕ್ರವ್ವ ಪೇಡೆ ತಂದುಕೊಟ್ಟಾಗ ಮುನಿವೆಂಕಟಮ್ಮ, "ಇನ್ ಮೇಲೆ ನಾನ್ ಯಾರ್ನ ಬೈಲವ್ವ?" ಎಂದು ನಕ್ಕಳು. ಬಾಡಿಗೆಯವರು ಹೋಗುತ್ತಾರಲ್ಲ ಎಂಬ ಯೋಚನೆ ಬರಲಿಲ್ಲವೆಂದಲ್ಲ, ಆದರೂ ಆಕೆಗೆ ನಿಜವಾಗಿ ಸಂತೋಷವಾಗಿತ್ತು.

ಸಂತೋಷವಾಗದವರು ಬೇರೆ ಇದ್ದರು. ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು ಜಯಸಿಂಹ ಎಂಬ ರಿಟೈರ್ಡ್ ಮನುಷ್ಯ. "ನಾವು ಬಡವರ ವಿರೋಧಿಗಳಲ್ಲ" ಎಂದೇ ಅವರ ಪ್ರತಿ ಭಾಷಣ ಶುರುವಾಗುತ್ತಿತ್ತು. ಹೀಗೆ ಶುರುವಾದ ಭಾಷಣ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಟ್ರಾಫಿಕ್ಕು, ಡ್ರೈನೇಜು, ಸೆಕ್ಯೂರಿಟಿ, ಕೊನೆಗೆ ಕೆರೆ. ಕೆರೆ ಉಳಿಸಿ ಎಂದು ಬ್ಯಾನರ್ ಕಟ್ಟಿದರು. ಅವರ ಬಿಲ್ಡಿಂಗೇ ಕೆರೆಗೆ ಇನ್ನೂ ಹತ್ತಿರವಿದೆಯಲ್ಲ ಎಂದು ಯಾರೋ ಎತ್ತಿದ ಮೇಲೆ ಆ ಬ್ಯಾನರ್ ಇಳಿಯಿತು.

ಹಳೇ ಊರಿನಲ್ಲಿ ಈ ಸಂಕಟ ಇನ್ನೊಬ್ಬನಿಗೂ ಇತ್ತು. ಮುನಿವೆಂಕಟಮ್ಮನ ಮೈದುನ ಚಿಕ್ಕಬೈರಪ್ಪ. ಅವನವು ಸಾಲುಸಾಲು ಬಾಡಿಗೆ ರೂಮು. ಬಡವರಿಗೆಲ್ಲ ಸ್ವಂತ ಮನೆಯಾದರೆ ಅವನ್ನು ಕೇಳುವವರು ಯಾರು? ಮೇಲಾಗಿ ಕಾರ್ಪೊರೇಷನ್ ಎಲೆಕ್ಷನ್ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ವರ್ಷಗಳಿಂದ ಬಿಳಿ ಪಂಚೆ ಇಸ್ತ್ರಿ ಮಾಡಿಸಿಟ್ಟುಕೊಂಡಿದ್ದ. ಇಷ್ಟು ವರ್ಷ ಒಬ್ಬರ ಮುಖ ಒಬ್ಬರು ನೋಡದ ಊರೂ ಅಪಾರ್ಟ್‌ಮೆಂಟೂ ಬಡವರ ಮನೆಯ ವಿಷಯದಲ್ಲಿ ಅಣ್ಣತಮ್ಮಂದಿರಾದವು. ಅವರು ಹಿಡಿದ ಲಾಯರು, ಗುಂಡುತೋಪು ಸ್ಮಶಾನ ಅಂತಾದರೆ ಯಾರೂ ಇಟ್ಟಿಗೆ ಇಡಲಾಗುವುದಿಲ್ಲ ಎಂದು ದಾರಿ ತೋರಿಸಿದ.

ಆ ವಾರವೇ ಚಿಕ್ಕಬೈರಪ್ಪ ಅತ್ತಿಗೆಯ ಮನೆಗೆ ಬಂದ. ಚಾಪೆಯ ಮೇಲೆ ಕೂತು ಸ್ವಲ್ಪ ಹೊತ್ತು ನೆಲ ಕೆರೆದ.

"ಅತ್ತಿಗೆ, ಒಂದು ವಿಷ್ಯ ಇಷ್ಟು ವರ್ಸ ಯೋಳಿರ್ನಿಲ್ಲ. ಅವತ್ತು ಪಾಯ ತೆಗೀವಾಗ ನಮ್ ಹಿರೀಕರ ಮೂಳೆನೆಲ್ಲ ನಾನೇ ಗೋಣಿಚೀಲಕ್ಕೆ ತುಂಬ್ಕೊಂಡು ಹೋದೆ. ಗುಂಡುತೋಪಲ್ಲಿ ಮಣ್ಣು ಮಾಡಿದ್ದೀನಿ."

ಮುನಿವೆಂಕಟಮ್ಮನ ಬಾಯಿಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. "ಪಾಪುದು?"

"ಪಾಪುದೂ ಅತ್ತಿಗೆ."

"ಏನಿತ್ತು?"

"ಒಂದು ಹಿಡಿ ಇತ್ತು."

"ನಂಗ್ಯಾಕೆ ಯೋಳ್ನಿಲ್ಲ?"

"ಅಣ್ಣ ಬ್ಯಾಡ ಅಂದ. ನೀನು ಆವಾಗ ನೀನಾಗಿರ್ಲಿಲ್ಲ."

ಹೌದೇ ಎಂದು ಕೇಳಲು ಗಂಡ ಈಗ ಬದುಕಿರಲಿಲ್ಲ. ಚಿಕ್ಕಬೈರಪ್ಪನ ಮಾತು ಎಂಥದೆಂದು ಆಕೆಗೆ ಗೊತ್ತಿಲ್ಲದ್ದೇನಲ್ಲ. ಹುಡುಗನಾಗಿದ್ದಾಗ ಎಳನೀರು ಕದ್ದು, ದೀಪ ಮುಟ್ಟಿ ಆಣೆ ಮಾಡಿದವನು. ಆದರೂ ನಂಬಿದಳು. ಇಷ್ಟು ವರ್ಷ ಕಾರುಗಳ ಕೆಳಗೆ ಇದ್ದ ಕೂಸು ಈಗ ಬಯಲಿನ ಗಾಳಿಯಲ್ಲಿ ಇದೆ ಎಂದು ಯಾರಾದರೂ ಹೇಳಿದರೆ ಯಾವ ತಾಯಿ ನಂಬುವುದಿಲ್ಲ?

ಮಾರನೆಯ ದಿನ ಹೋಗಿ ನೋಡಿದರೆ ಗುಂಡುತೋಪಿನ ಮುಳ್ಳು ಸವರಿ ಚೊಕ್ಕಟ ಮಾಡಿದ್ದರು. ಅರಿಸಿನ ಕುಂಕುಮ ಬಳಿದ ಹಳೇ ಕಲ್ಲುಗಳ ಸಾಲು. ಕೊನೆಯಲ್ಲಿ ಒಂದು ಚಿಕ್ಕ ಕಲ್ಲು, ಆಕೆಯ ಮೊಣಕಾಲಿನಷ್ಟೂ ಎತ್ತರವಿಲ್ಲ. ಮುನಿವೆಂಕಟಮ್ಮ ಅದನ್ನು ತಬ್ಬಿಕೊಂಡು ಬಾಯಿಬಿಟ್ಟು ಅತ್ತಳು. ಕೂಸು ಸತ್ತಾಗ, ಹಸಿ ಬಾಣಂತಿ ಅಳಬಾರದು ಎಂದು ಅತ್ತೆ ಬಾಯಿ ಮುಚ್ಚಿಸಿದ್ದಳು. ಆ ಅಳುವೂ ಈಗ ಬಂತು. ನೋಡುತ್ತ ನಿಂತವರಲ್ಲಿ ವಠಾರದ ಹೆಂಗಸರೂ ಇದ್ದರು.

ಅದು ಸ್ಮಶಾನವೆಂದು ಕೋರ್ಟಿಗೆ ಹಾಕುವ ಅರ್ಜಿಗೆ ಕೂಸಿನ ಹೆಸರು ಬೇಕಾಯಿತು. ಜಯಸಿಂಹರು ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಕುರ್ಚಿ ಹಾಕಿಸಿ ಆಕೆಯನ್ನು ಕೂರಿಸಿದ್ದರು. ಕೂಸು ಅಲ್ಲಿಲ್ಲ ಎಂದಾದ ಮೇಲೆ ಆಕೆ ಆ ರಸ್ತೆಗೆ ಮತ್ತೆ ಕಾಲಿಟ್ಟದ್ದು ಅವತ್ತೇ ಮೊದಲು.

"ಹೆಸರಿಟ್ಟಿರ್ಲಿಲ್ಲ ಸಾರ್."

"ಅಫಿಡವಿಟ್‌ನಲ್ಲಿ ಏನಾದ್ರೂ ಹಾಕ್ಲೇಬೇಕಲ್ಲಮ್ಮ. ಚೂಡಾಮಣಿ ಅಂತ ಇರ್ಲಿ, ನಮ್ಮತ್ತೆ ಹೆಸರು. ಓಕೆ ತಾನೆ?"

ಆಕೆ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಆ ಹೆಸರನ್ನು ನಾಲಿಗೆಯ ಮೇಲೆ ಹೊರಳಿಸುತ್ತ ಬಂದಳು. ಚೂಡಾಮಣಿ. ಚೂಡಮ್ಮಿ. ಯಾರದೋ ಅತ್ತೆಯ ಹೆಸರು, ಆದರೂ ಮಗಳನ್ನು ಕರೆಯಲು ಏನೋ ಒಂದು ಸಿಕ್ಕಿತಲ್ಲ ಎಂದುಕೊಂಡಳು.

ಮಹಾಲಯ ಅಮಾವಾಸ್ಯೆ ಬಂತು. ಸತ್ತವರಿಗೆ ಎಡೆ ಇಡುವ ದಿನ. ಮನೆಯಲ್ಲಾದರೆ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಧೂಪ ಹಾಕಿ, ಹೆಸರು ಹಿಡಿದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಉಣ್ಣುವವರನ್ನು ಬದುಕಿರುವವರು ನೋಡಬಾರದು. ಬಯಲಿನಲ್ಲಿ ಬಾಗಿಲೆಲ್ಲಿ? ಎಡೆ ಇಟ್ಟು ಎಲ್ಲರೂ ಬೆನ್ನು ತಿರುಗಿಸಿ ನಿಂತರು. ಮಾವನಿಗೆ ಬಾಡೂಟ, ಬೀಡಿ. ಚಿಕ್ಕ ಕಲ್ಲಿನ ಮುಂದೆ ಒಂದು ಕೆಂಪು ಫ್ರಾಕು, ಕಿರಿದಾದ ಬಾಯಿಯ ಚೊಂಬಿನಲ್ಲಿ ಹಾಲು. ಜಯಸಿಂಹರು ಕರೆಸಿದ್ದ ಫೋಟೋದವನನ್ನೂ ಅತ್ತ ತಿರುಗಿಸಿದರು.

ತಿರುಗಿ ನೋಡಿದಾಗ ಎಲೆಗಳಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಚೊಂಬಿನ ಹಾಲು ಮಾತ್ರ ಖಾಲಿಯಾಗಿತ್ತು.

"ಹಿರೀಕರು ಒಪ್ಪಿದ್ರು" ಎಂದು ಚಿಕ್ಕಬೈರಪ್ಪ ಕೈ ಮುಗಿದ. ಹಿರಿಯರ ಬಾಡೂಟ ಹಾಗೇ ಇದ್ದದ್ದನ್ನು ಯಾರೂ ಎತ್ತಲಿಲ್ಲ. ನಾಯಿಗೆ ಅಷ್ಟು ಕಿರಿದಾದ ಚೊಂಬಿನಿಂದ ಕುಡಿಯಲಾಗುವುದಿಲ್ಲ, ಚೊಂಬು ಉರುಳಿಯೂ ಇರಲಿಲ್ಲ. ಮುನಿವೆಂಕಟಮ್ಮನಿಗೆ ಸಂತೋಷವಾಗಬೇಕಿತ್ತು, ಹೆದರಿಕೆಯಾಯಿತು.

ಆ ಫೋಟೋಗಳನ್ನು ಲಗತ್ತಿಸಿದ ಮೇಲೆ ಕೋರ್ಟಿನಿಂದ ಸ್ಟೇ ಬಂತು, ಮನೆ ಕಟ್ಟುವ ಕೆಲಸ ನಿಂತಿತು. ಅಪಾರ್ಟ್‌ಮೆಂಟಿನಲ್ಲಿ ಮೈಸೂರುಪಾಕು ಹಂಚಿದರು, ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಶಂಕ್ರವ್ವನಿಗೂ ಒಂದು ತುಂಡು ಕೊಟ್ಟರು. ಸಂಜೆ ನಲ್ಲಿಯ ಹತ್ತಿರ ಮುನಿವೆಂಕಟಮ್ಮನಿಗೆ ಅವಳ ಮುಖ ನೋಡಲಾಗಲಿಲ್ಲ. ಏನೋ ಹೇಳಲು ಹೋದಳು. ಶಂಕ್ರವ್ವ "ಬಿಡ್ರಿ ಅಮ್ಮಾರ" ಎಂದಷ್ಟೇ ಹೇಳಿ ಕೊಡ ಎತ್ತಿಕೊಂಡು ಹೋದಳು. ಅವತ್ತಿನಿಂದ ಆಕೆ ಶಂಕ್ರವ್ವನನ್ನು ಬೈಯುವುದು ಬಿಟ್ಟಳು. ವಠಾರದಲ್ಲಿ ಬೈಗುಳ ತಿನ್ನದ ಮನೆ ಅದೊಂದೇ ಆಯಿತು, ಅದೇ ದೊಡ್ಡ ಶಿಕ್ಷೆಯಂತೆ ಕಾಣತೊಡಗಿತು.

ದಿನಾ ಸಂಜೆ ಚಿಕ್ಕ ಕಲ್ಲಿನ ಹತ್ತಿರ ಹೋಗಿ ಕೂರುವುದು ಆಕೆಗೆ ರೂಢಿಯಾಯಿತು. ಚೂಡಮ್ಮಿ, ಇವತ್ತು ನೀರು ಬರ್ಲಿಲ್ಲ ಕಣಮ್ಮಿ, ಇವತ್ತು ಸಿಲಿಂಡರ್ ಬಂತು ಕಣಮ್ಮಿ, ಹೀಗೆ ಏನೇನೋ. ಅಲ್ಲಿ ಕೂತಾಗ ಎದೆ ಬಿಗಿಯುತ್ತಿತ್ತು. ಡಾಕ್ಟರು ಗ್ಯಾಸ್ ಎಂದರು. ಗ್ಯಾಸಲ್ಲ, ಹಾಲು ಕಟ್ಟಿದ ಎದೆ ಹೇಗಿರುತ್ತದೆಂದು ಆಕೆಗೆ ಮರೆತಿರಲಿಲ್ಲ. ಅರವತ್ತೈದರ ಮುದುಕಿಗೆ ಇದು ನಾಚಿಕೆಗೇಡು ಎಂದು ಯಾರ ಹತ್ತಿರವೂ ಹೇಳಲಿಲ್ಲ.

ದಿನ ಹೋದಂತೆ ಇನ್ನೊಂದು ಕಾಟ ಶುರುವಾಯಿತು. ಕಲ್ಲಿನ ಹತ್ತಿರ ಕೂತಾಗಲೆಲ್ಲ ಬೆನ್ನ ಹಿಂದಿನಿಂದ, ಅಪಾರ್ಟ್‌ಮೆಂಟಿನ ಕಡೆಯಿಂದ, ಯಾರೋ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸುತ್ತಿತ್ತು. ಬಾಲ್ಕನಿಯವರಲ್ಲ. ಇನ್ನೂ ಕೆಳಗಿನಿಂದ. ಹಾಗಾದರೆ ಇಲ್ಲಿ ಹಾಲು ಕುಡಿದದ್ದು ಯಾರು? ಹೆಸರು ಕೊಟ್ಟು ಕರೆದೆ, ಹೆಸರಿಲ್ಲದ ನನ್ನ ಕೂಸಿಗೆ ಅದು ತನ್ನದೇ ಹೆಸರೆಂದು ಗೊತ್ತಾಗುವುದಾದರೂ ಹೇಗೆ? ಕರೆದದ್ದು ಒಬ್ಬರನ್ನು, ಬಂದವರು ಇನ್ಯಾರೋ. ಯಾರ ಕೂಸೋ ಬಂದು ಕುಡಿದು ಹೋಯಿತು, ನನ್ನದು ಅಲ್ಲಿ ಕತ್ತಲಲ್ಲಿ ಹಸಿದುಕೊಂಡು ನೋಡುತ್ತಿದೆ. ಈ ಯೋಚನೆ ಬಂದ ಸಂಜೆ ಮಂಡಿ ನೋವು ಮರೆತು ಮನೆಗೆ ಓಡಿಬಂದಿದ್ದಳು. ಆದರೂ ಮಾರನೆಯ ಸಂಜೆ ಮತ್ತೆ ಹೋದಳು. ಯಾರದೋ ಕೂಸಾದರೂ ಕಾಯುತ್ತಿರುತ್ತದಲ್ಲ.

ಎರಡನೆಯ ಬೇಸಿಗೆಯಲ್ಲಿ ಶಂಕ್ರವ್ವನ ಅತ್ತೆ ತೀರಿಕೊಂಡಿತು. ಮಧ್ಯಾಹ್ನ ಕೆಲಸದಿಂದ ಬಂದು ನೋಡಿದರೆ ಹೊದ್ದಿದ್ದ ಒದ್ದೆ ಬಟ್ಟೆ ಒಣಗಿ ಗರಿಗರಿಯಾಗಿತ್ತು, ಮುದುಕಿ ಹೋಗಿತ್ತು. ಅವರ ಪದ್ಧತಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಸೆರಗು ಹೊದಿಸಿದರು. ಎಷ್ಟೋ ವರ್ಷ ಮಲಗಿಯೇ ಇದ್ದ ಮುದುಕಿ ಸತ್ತ ಮೇಲೆ ಎದ್ದು ಕೂತಿತು ಎಂದು ಯಾರೋ ಅಂದರು. ಎಲ್ಲಿ ಹುಗಿಯುವುದು? ಊರಿಗೆ ಒಯ್ಯಬೇಕೆಂದರೆ ರಾತ್ರಿಯಿಡೀ ದಾರಿ. ಸಿಟಿಯ ಸ್ಮಶಾನದಲ್ಲಿ ಜಾಗ ಕೇಳಿಕೊಂಡು ಅಲೆಯಬೇಕು.

ಅಷ್ಟರಲ್ಲಿ ಹೂವಿನ ಹಾರ ಹಿಡಿದು ಚಿಕ್ಕಬೈರಪ್ಪ ಬಂದ. ಹಿಂದೆ ಜಯಸಿಂಹರು, ಆ ಸಂದಿಗೆ ಅವರು ಬಂದದ್ದು ಅದೇ ಮೊದಲು. ಹಾರ ಹಾಕಿ ಕೈ ಮುಗಿದು, "ಯಲ್ಲಪ್ಪ, ನೀನೇನೂ ಯೋಚ್ನೆ ಮಾಡ್ಬೇಡ. ನಮ್ಮ ಗುಂಡುತೋಪಿನಲ್ಲೇ ಮಣ್ಣು ಮಾಡೋಣ. ಕುಣಿ ತೋಡೋಕೆ ಜನ ಕಳಿಸಿದ್ದೀನಿ" ಎಂದ ಚಿಕ್ಕಬೈರಪ್ಪ. ಯಲ್ಲಪ್ಪ ತಲೆ ಬಗ್ಗಿಸಿಕೊಂಡು ನಿಂತಿದ್ದ. ಬಡವನ ಮನೆಯ ಸಾವಿಗೆ ಇಷ್ಟು ದೊಡ್ಡವರು ಬಂದರಲ್ಲ ಎಂದು ವಠಾರವೇ ಬೆರಗಾಯಿತು.

ಮುನಿವೆಂಕಟಮ್ಮ ನಲ್ಲಿಯ ಹತ್ತಿರ ಹೆಣ ತೊಳೆಯುವ ನೀರು ಹಿಡಿಯುತ್ತಿದ್ದಳು. ಹೊರಡುವಾಗ ಮೈದುನ ಜಯಸಿಂಹರಿಗೆ ಹೇಳಿದ್ದು ಆಕೆಯ ಕಿವಿಗೆ ಸ್ಪಷ್ಟವಾಗಿ ಬಿತ್ತು.

"ಬರೋ ವಾರ ಕೋರ್ಟ್ ಕಡೆಯಿಂದ ಇನ್‌ಸ್ಪೆಕ್ಷನ್ನು. ಅಲ್ಲಿ ನಿಜವಾಗ್ಲೂ ಹೂಳ್ತಾರಾ ಅಂತ ನೋಡೋಕೇ ಬರ್ತಿರೋದು ಸಾಹೇಬ್ರು. ಒಂದು ಹೆಣ ಬಿದ್ರೆ ಸಾಕು ಸಾರ್, ಕೇಸು ಗಟ್ಟಿ. ಇನ್ ಯಾವ ಸರ್ಕಾರನೂ ಮುಟ್ಟಂಗಿಲ್ಲ."

"ಪಾಪ, ಅವರಿಗೂ ಹೆಲ್ಪ್ ಆಯ್ತು" ಎಂದರು ಜಯಸಿಂಹರು. ನಿಜವಾಗಿಯೂ ಮರುಕದಿಂದಲೇ ಅಂದರು.

ಬಿಂದಿಗೆ ತುಂಬಿ ಹರಿಯುತ್ತಿತ್ತು. ನೀರು ಪೋಲಾಗುತ್ತಿದ್ದರೂ ಮುನಿವೆಂಕಟಮ್ಮ ನಲ್ಲಿ ನಿಲ್ಲಿಸಲಿಲ್ಲ. ಹಿರಿಯರ ಮೂಳೆ ನಿಜವಾಗಿ ಅಲ್ಲಿದ್ದಿದ್ದರೆ ಇವರಿಗೆ ಇನ್ನೊಂದು ಹೆಣ ಯಾಕೆ ಬೇಕಿತ್ತು? ಮುದುಕಿ ಬದುಕಿದ್ದಾಗ ಆ ನೆಲದಲ್ಲಿ ಒಂದು ಕೋಣೆ ಕೊಡದವರು ಸತ್ತ ಮೇಲೆ ಮೂರು ಮೊಳ ಕೊಡುತ್ತಿದ್ದಾರೆ. ಆ ಮೂರು ಮೊಳದಿಂದ ಶಂಕ್ರವ್ವನ ಮನೆ ಶಾಶ್ವತವಾಗಿ ಮಣ್ಣಾಗುತ್ತದೆ. ಅದನ್ನು ಅವಳಿಗೆ ಹೇಳಬೇಕು. ಹೇಳಿದರೆ, ಅಲ್ಲಿ ಯಾವ ಸಮಾಧಿಯೂ ಇಲ್ಲ ಎನ್ನಬೇಕಾಗುತ್ತದೆ. ತನ್ನ ಬಾಯಿಂದ ಆ ಮಾತು ಬಂದರೆ ಇನ್ನು ಸಂಜೆ ಎಲ್ಲಿಗೆ ಹೋಗುವುದು, ಯಾರನ್ನು ಕರೆಯುವುದು? ಆದರೂ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

"ಶಂಕ್ರವ್ವ, ಅಲ್ಲಿ ಮಣ್ಣು ಮಾಡ್ಬ್ಯಾಡ. ಮಾಡಿದ್ರೆ ನಿನ್ನ ಮನೆ ಮತ್ತೆ ಬರಲ್ಲ. ಅದು ಸ್ಮಶಾನ ಅಲ್ಲ ಕಣವ್ವ. ಅಲ್ಲಿ ಯಾರೂ ಇಲ್ಲ." ಬಿಂದಿಗೆ ನೆಲಕ್ಕಿಳಿಸಿದಳು. "ನನ್ನ ಮಗುನೂ ಇಲ್ಲ."

ಶಂಕ್ರವ್ವ ಅತ್ತೆಯ ಕಾಲು ಒರೆಸುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಗೊತ್ತೈತ್ರಿ ಅಮ್ಮಾರ."

"ಏನು?"

"ಆ ಕಲ್ಲು ನಿಲ್ಲಿಸಿದಾವ್ರು ಇವ್ರ." ಗಂಡನ ಕಡೆ ಕತ್ತು ಹೊರಳಿಸಿದಳು. "ನಿಮ್ಮ ಮೈದುನಾರು ಕೂಲಿಗೆ ಕರಕೊಂಡು ಹೋಗಿದ್ರು. ಎಲ್ಲಿಂದೋ ಟ್ರ್ಯಾಕ್ಟರ್‌ನ್ಯಾಗ ಹಳೇ ಕಲ್ಲು ತಂದು ಸುರುವಿದ್ರಂತ. ಇವ್ರ ತೆಗ್ಗು ತೋಡಿ ನಿಲ್ಲಿಸಿದ್ರು. ಕೆಳಗ ಏನೂ ಇದ್ದಿಲ್ರಿ. ಗಟ್ಟಿ ನೆಲ, ಯಾವತ್ತೂ ಅಗದದ್ದಲ್ಲ. ನಮ್ಮ ಮನಿ ಜಾಗದಾಗ ನಾವ ಕಲ್ಲು ಹುಗದು ಬಂದ್ವಿ."

ಯಲ್ಲಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡ.

"ಗೊತ್ತಿದ್ದೂ ಯಾಕವ್ವ ಬಾಯಿ ಬಿಡ್ಲಿಲ್ಲ? ಸಾಹೇಬ್ರ ಹತ್ರ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ!"

"ಮರುದಿನ ಹೇಳಾಕಂತನ ಹೊಂಟಿದ್ದೆ. ತ್ವಾಪಿನ ಹಂತೇಕ ಬಂದ್ರ ನೀವು ಆ ಸಣ್ಣ ಕಲ್ಲು ಅಪ್ಪಿಕೊಂಡು ಅಳಾಕ ಹತ್ತಿದ್ರಿ." ಶಂಕ್ರವ್ವ ಬಟ್ಟೆಯನ್ನು ನೀರಿಗದ್ದಿ ಹಿಂಡಿದಳು. "ಆವಾಗ ಹೆಂಗ ಹೇಳ್ಲಿ? ನಾನು ಹೇಳಿದ್ರ ನಿಮ್ಮ ಕೂಸು ಮತ್ತೊಮ್ಮಿ ಸಾಯ್ತಿತ್ತಲ್ರಿ. ತಿರುಗಿ ಬಂದೆ. ಆಮ್ಯಾಲ ನಿಮ್ಮನ್ನ ಎಷ್ಟು ಬೈದೇನಿ ಅಂದ್ರ! ಈಕಿ ಶೀಟಿನ ಕೆಳಗ ಬೆಂದು ಒದ್ದಾಡೂವಾಗೆಲ್ಲಾ ಬೈದೇನಿ. ಸುಳ್ಳಾಕ ಹೇಳ್ಲಿ."

ಮುನಿವೆಂಕಟಮ್ಮ ಅಲ್ಲೇ ನೆಲದ ಮೇಲೆ ಕೂತಳು. ಎದುರಿಗೆ ಗೋಡೆಗೊರಗಿದ ಮುದುಕಿ. ಅದರ ಅರೆ ಮುಚ್ಚಿದ ಕಣ್ಣು ನೇರ ತನ್ನನ್ನೇ ನೋಡುತ್ತಿದೆ ಎನ್ನಿಸಿತು.

ಹೆಣವನ್ನು ಸಿಟಿಯ ಆಚೆಯ ಒಂದು ಸ್ಮಶಾನಕ್ಕೆ ಟೆಂಪೋದಲ್ಲಿ ಒಯ್ದರು. ಚಿಕ್ಕಬೈರಪ್ಪ ವಠಾರದ ಮುಂದೆ ನಿಂತು ಕೂಗಾಡಿದ. "ಕುಣಿ ತೋಡಿಟ್ಟು ಹೆಣ ಇಳಿಸ್ದೇ ಹೋದ್ರೆ ಅದು ಊರಲ್ಲೇ ಒಬ್ರನ್ನ ತಗೊಳ್ಳುತ್ತೆ, ಗೊತ್ತಾ?" ಎಂದು ಹೆದರಿಸಿದ. ಮುನಿವೆಂಕಟಮ್ಮನಿಗೆ ಹೆದರಿಕೆಯಾಗದೆ ಇರಲಿಲ್ಲ. ಆ ವಾರವೆಲ್ಲ ಆಕೆ ಗುಂಡುತೋಪಿಗೆ ಹೋಗಲಿಲ್ಲ. ಸಂಜೆಯಾದರೆ ಎದೆ ಬಿಗಿಯುವುದು ಮಾತ್ರ ತಪ್ಪಲಿಲ್ಲ.

ಇನ್‌ಸ್ಪೆಕ್ಷನ್ ದಿನ ಬೆಳಿಗ್ಗೆ ಸಾಹೇಬರ ಜೀಪು ಬಂತು. ಕೊಡೆ ಹಿಡಿದುಕೊಂಡು ಜಯಸಿಂಹರು, ಇಸ್ತ್ರಿ ಪಂಚೆಯ ಚಿಕ್ಕಬೈರಪ್ಪ, ದೂರದಲ್ಲಿ ಲಾಟರಿಯಲ್ಲಿ ಮನೆ ಬಂದಿದ್ದ ಜನ, ಅವರ ನಡುವೆ ಶಂಕ್ರವ್ವ. ಖಾಲಿ ಕುಣಿ ಬಾಯಿ ತೆರೆದುಕೊಂಡೇ ಇತ್ತು. ಸಾಹೇಬರು ಚಿಕ್ಕ ಕಲ್ಲಿನ ಮುಂದೆ ನಿಂತು ಫೈಲು ತಿರುವಿದರು.

"ಮುನಿವೆಂಕಟಮ್ಮ ಯಾರು? ಈ ಚೂಡಾಮಣಿ ಅನ್ನೋ ಮಗುನ ಇಲ್ಲಿ ಹೂತಿರೋದು ನಿಜಾನಾ ಅಮ್ಮ?"

ಮೈದುನನ ಕಣ್ಣು ತನ್ನ ಮೇಲಿದ್ದದ್ದು ಆಕೆಗೆ ಗೊತ್ತಾಯಿತು. ಬೆನ್ನ ಹಿಂದೆ ಹನ್ನೊಂದು ಅಂತಸ್ತಿನ ಕಟ್ಟಡ, ಅದರ ಕೆಳಗಿನಿಂದ ಇನ್ನೊಂದು ನೋಟ. ಆಕೆ ಕಲ್ಲಿನ ತಲೆ ಸವರಿದಳು. ಬಿಸಿಲಿಗೆ ಕಾದಿತ್ತು.

"ಇಲ್ಲ ಸಾರ್. ಇಲ್ಲಿ ಯಾರ್ನೂ ಹೂತಿಲ್ಲ. ಈ ಕಲ್ಲು ಈಚೆಗೆ ನಿಲ್ಸಿದ್ದು."

ಚಿಕ್ಕಬೈರಪ್ಪ, "ಸಾರ್, ನಮ್ಮತ್ತಿಗೆಗೆ ತಲೆ ಸರಿ ಇಲ್ಲ" ಎಂದು ಮುಂದೆ ಬಂದ. ಸಾಹೇಬರು ಕೈ ಎತ್ತಿ ತಡೆದರು. ಪೆನ್ನು ತೆಗೆದು, ಹೇಳಿಕೆ ಬರೆದುಕೊಳ್ಳಲು ಶುರು ಮಾಡಿದರು.

"ಅಂದ್ರೆ, ಅಂಥ ಮಗುನೇ ಇರ್ಲಿಲ್ಲ ಅಂತ ಬರ್ಕೊಳ್ಳಲಾ?"

ಮುನಿವೆಂಕಟಮ್ಮ ಅವರ ಪೆನ್ನಿನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಸಾಹೇಬರು ಬೆಚ್ಚಿ ತಲೆಯೆತ್ತಿದರು.

"ಇತ್ತು ಸಾರ್. ಇತ್ತು ಅಂತ ಬರ್ಕೊಳ್ಳಿ. ಇಲ್ಲಿಲ್ಲ ಅಂತ ಬರ್ಕೊಳ್ಳಿ. ಎರಡೂ ಬರ್ಕೊಳ್ಳಿ."